ಭಂಗಾರದೊಳಗಿನ ಬಂಗಾರ

ಯಾದಗಿರಿ ಎಂದರೆ ಬಹಳ ಜನರಿಗೆ ಮುಂಬಯಿ–ಚೆನ್ನೈ ರೈಲು ಮಾರ್ಗದಲ್ಲಿ ವಾಡಿ ದಾಟಿದ ಮೇಲೆ, ರಾಯಚೂರಿಗಿಂತ ಮುಂಚೆ ಬರುವ ಒಂದು ನಿಲ್ದಾಣ. ಇಳಿದು ನೋಡಿದವರು ಕಡಿಮೆ. ಇಳಿದರೆ ಊರಿನ ನೆತ್ತಿಯ ಮೇಲೆ ಬಂಡೆಗಲ್ಲಿನ ಬೆಟ್ಟ, ಬೆಟ್ಟದ ಮೇಲೆ ಹಳೆಯ ಕೋಟೆ, ಊರಿನ ಪಕ್ಕದಲ್ಲೇ ಭೀಮಾ ನದಿ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾಗಿ ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಯಿತು. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಬ್ಯಾಂಕ್ ಕೌಂಟರುಗಳಲ್ಲಿ ಗುಮಾಸ್ತನಾಗಿ ಕೂತು ನನ್ನ ಕೂದಲು ಬೆಳ್ಳಗಾಯಿತು. ಈಗ ಎಪ್ಪತ್ತು ದಾಟಿದೆ. ನೋಟು ಎಣಿಸುವ ಕೆಲಸ ಮುಗಿದರೂ ಎಣಿಸುವ ಚಟ ಬಿಟ್ಟಿಲ್ಲ.

ಈ ಸಲ ಸಂಕ್ರಾಂತಿಗೆ ಬೆಂಗಳೂರಿನಿಂದ ಮಗನ ಮಕ್ಕಳಿಬ್ಬರು ಬಂದಿದ್ದರು. ಮೊಮ್ಮಗಳು ಏಳನೆಯ ತರಗತಿ, ಮೊಮ್ಮಗ ನಾಲ್ಕನೆಯದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡು ಕಟ್ಟೆಯ ಮೇಲೆ ಕೂತಿದ್ದಾಗ ಓಣಿಯಲ್ಲಿ ಕೂಗು ಕೇಳಿತು: "ಭಂಗಾರ ಅದಾವೇನ್ರೀ, ಭಂಗಾರ!"

ಮೊಮ್ಮಗಳು ಬೆರಗಾಗಿ, "ತಾತಾ, ಇಲ್ಲಿ ಬಂಗಾರ ಸೈಕಲ್ ಮೇಲೆ ಬರುತ್ತಾ?" ಎಂದಳು. ನಮ್ಮ ಕಡೆ ಭಂಗಾರ ಎಂದರೆ ಗುಜರಿ. ಹಳೆ ಕಬ್ಬಿಣ, ಒಡೆದ ಕೊಡ, ಕೆಟ್ಟ ಫ್ಯಾನು, ಸತ್ತ ಬ್ಯಾಟರಿ. ಒಂದು ಅಕ್ಷರದ ಉಸಿರು ಹೆಚ್ಚಾದರೆ ಬಂಗಾರ ಭಂಗಾರವಾಗುತ್ತದೆ. ನಮ್ಮ ಮನೆಯ ಅಟ್ಟದಲ್ಲಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಅಂಥದ್ದೇ ಸಾಮಾನು ಇತ್ತು: ಒಂದು ಟ್ರಾನ್ಸಿಸ್ಟರ್, ಗುಂಡಿ ಒತ್ತುವ ಮೂರು ಮೊಬೈಲು, ಚಾರ್ಜರಿನ ತಂತಿಗಳು, ರಿಮೋಟಿನ ಸೆಲ್ಲುಗಳು, ಉರಿಯದ ಸಿಎಫ್‌ಎಲ್ ಬಲ್ಬು. ಕಬ್ಬಿಣದ ಎರಡು ತುಂಡನ್ನು ಆ ಮನುಷ್ಯನಿಗೆ ಕೊಟ್ಟೆ, ಪೆಟ್ಟಿಗೆಯನ್ನು ಕೊಡಲಿಲ್ಲ. "ಯಾಕೆ ಕೊಡಲಿಲ್ಲ?" ಎಂದು ಹುಡುಗರು ಬೆನ್ನು ಹತ್ತಿದರು. ಮರುದಿನ ಜಿಲ್ಲೆ ನೋಡಲು ಹೊರಡುವುದಿತ್ತು. "ದಾರಿಯಲ್ಲಿ ಹೇಳ್ತೀನಿ ಬರ್ರಿ" ಎಂದೆ.

ಭೀಮೆ ದಾಟಿ

ಯಾದಗಿರಿಯಿಂದ ಶಹಾಪುರಕ್ಕೆ ಹೋಗುವಾಗ ಭೀಮಾ ನದಿಯ ಸೇತುವೆ ದಾಟಬೇಕು. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿದ ನದಿ ಇಲ್ಲಿಂದ ಮುಂದೆ ಹೋಗಿ ಕೃಷ್ಣೆಯನ್ನು ಸೇರುತ್ತದೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ. ಜಾತ್ರೆಗೆ ಹೋಗಿ ಬಂದ ಗಾಡಿಗಳು ದಾರಿ ತುಂಬ ಇದ್ದವು, ಅವುಗಳ ಹಿಂದೆಯೇ ತಿಂಡಿ ಚೀಟುಗಳು, ನೀರಿನ ಪೊಟ್ಟಣಗಳು ಹಾರಾಡುತ್ತಿದ್ದವು.

ನಾನು ಚಿಕ್ಕವನಿದ್ದಾಗಲೂ ಜಾತ್ರೆ ಇತ್ತು, ತಿಂಡಿಯೂ ಇತ್ತು. ಮಂಡಕ್ಕಿ ಕಾಗದದ ಪೊಟ್ಟಣದಲ್ಲಿ, ಊಟ ಮುತ್ತಲ ಎಲೆಯ ಮೇಲೆ, ಎಣ್ಣೆ ಮನೆಯ ಬಾಟಲಿಯಲ್ಲಿ. ಉಂಡೆಸೆದ ಎಲೆಯನ್ನು ದನ ತಿಂದರೆ ಅದು ಮೇವು. ಈಗ ಒಗ್ಗರಣೆಯ ವಾಸನೆ ಹತ್ತಿದ ಪ್ಲಾಸ್ಟಿಕ್ ಚೀಲವನ್ನು ಅದೇ ದನ ನುಂಗುತ್ತದೆ. ಅದು ಕರಗುವುದಿಲ್ಲ, ಹೊರಗೂ ಬರುವುದಿಲ್ಲ. ಹೊಟ್ಟೆಯಲ್ಲಿ ಹಗ್ಗದಂತೆ ಸುತ್ತಿಕೊಂಡು ಮೇವಿಗೆ ಜಾಗ ಇಲ್ಲದ ಹಾಗೆ ಮಾಡುತ್ತದೆ. ದನ ಹೊಟ್ಟೆ ತುಂಬಿದಂತೆ ಕಂಡು ಸೊರಗುತ್ತದೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಬಂತು. ಕಾನೂನು ಬಂದಿದೆ, ಚೀಲ ಹೋಗಿಲ್ಲ.

"ಹಾಲಿನ ಪಾಕೀಟು ಹೇಗೆ ಕತ್ತರಿಸ್ತೀರಿ?" ಎಂದು ಮೊಮ್ಮಗನನ್ನು ಕೇಳಿದೆ. ಮೂಲೆಯ ಚೂರನ್ನು ಪೂರ್ತಿ ಕತ್ತರಿಸಿ ಎಸೆಯುತ್ತಾರಂತೆ. ಆ ಉಗುರಿನಷ್ಟು ಚೂರು ಯಾರ ಕೈಗೂ ಸಿಗುವುದಿಲ್ಲ, ಚರಂಡಿ ಹಿಡಿದು ನದಿಗೆ ಹೋಗುತ್ತದೆ. ಮೂಲೆ ಪೂರ್ತಿ ಬಿಡದ ಹಾಗೆ ಅರ್ಧ ಕತ್ತರಿಸಿ, ಪಾಕೀಟು ತೊಳೆದು ಒಣಗಿಸಿಟ್ಟರೆ ಅದು ಮಾರಾಟದ ಸಾಮಾನು. ಕೊಳಕು ಪ್ಲಾಸ್ಟಿಕ್ಕನ್ನು ಮುಟ್ಟುವವರಿಲ್ಲ, ತೊಳೆದದ್ದಕ್ಕೆ ಬೆಲೆ ಇದೆ.

ಶಹಾಪುರದ ಕಲ್ಲುಗಳು

ಶಹಾಪುರ ಹತ್ತಿರವಾದಂತೆ ಬೆಟ್ಟದ ಸಾಲು ಮಲಗಿದ ಮನುಷ್ಯನ ಆಕಾರ ತಾಳುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ಮಲಗಿದ ಬುದ್ಧ ಎಂದೇ ಹೆಸರು. ಹುಡುಗರು ಗಾಡಿ ನಿಲ್ಲಿಸಿ ಫೋಟೊ ತೆಗೆದರು. ಹತ್ತಿರದ ವಿಭೂತಿಹಳ್ಳಿಯಲ್ಲಿ ಬಯಲಿನಲ್ಲಿ ನೂರಾರು ಬಂಡೆಗುಂಡುಗಳು ಸಾಲುಸಾಲಾಗಿ, ಗೆರೆ ಹಾಕಿ ಜೋಡಿಸಿದ ಹಾಗೆ ಕೂತಿವೆ. ಬೃಹತ್ ಶಿಲಾಯುಗದ ಜನ ಇಟ್ಟದ್ದು. ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಯಾಕೆ ಇಟ್ಟರು ಎಂಬುದಕ್ಕೆ ಪಂಡಿತರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಶಹಾಪುರದ ಸುತ್ತ ಈ ಹೊತ್ತಿನಲ್ಲಿ ಹೊಲಗಳೆಲ್ಲ ಹತ್ತಿ, ಮೆಣಸಿನಕಾಯಿ, ಭತ್ತ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಬಂದ ಮೇಲೆ ಈ ನೆಲದ ಬಣ್ಣವೇ ಬದಲಾಯಿತು. ಸಾಲ ಕೇಳಲು ಬರುವ ರೈತರ ಅರ್ಜಿಯಲ್ಲಿ ಜೋಳದ ಬದಲು ಹತ್ತಿ, ಭತ್ತ ಬರತೊಡಗಿದ್ದನ್ನು ನಾನು ಕೌಂಟರಿನಲ್ಲಿ ಕೂತೇ ಕಂಡವನು. ಹತ್ತಿಯ ಜೊತೆಗೆ ಎಣ್ಣೆಯೂ ಬಂತು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಕಾಲುವೆಯ ದಂಡೆಯಲ್ಲಿ ಬಣ್ಣಬಣ್ಣದ ಖಾಲಿ ಡಬ್ಬಿಗಳು ಬಿದ್ದಿದ್ದವು. ಮೊಮ್ಮಗ ಒಂದನ್ನು ಎತ್ತಿಕೊಳ್ಳಲು ಬಗ್ಗಿದ. ಕೈ ಹಿಡಿದು ತಡೆದೆ.

ಮಕ್ಕಳೇ, ಇದನ್ನು ನೆನಪಿಡಿ. ಎಣ್ಣೆಯ ಡಬ್ಬಿ ಖಾಲಿಯಾದರೂ ಖಾಲಿಯಲ್ಲ. ಗೋಡೆಗೆ ಅಂಟಿದ ಹನಿಗಳು ಸಾಕು. ಅದರಲ್ಲಿ ಕುಡಿಯುವ ನೀರು, ಸೀಮೆಎಣ್ಣೆ, ಬೀಜ ತುಂಬಿಡಬಾರದು. ಸಿಂಪಡಿಸುವ ದಿನವೇ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಬೇಕು. ಆಮೇಲೆ ಡಬ್ಬಿಗೆ ತೂತು ಹೊಡೆದರೆ ಮತ್ತೆ ಯಾರೂ ಬಳಸಲಾರರು. ಇದು ದೊಡ್ಡವರ ಕೆಲಸ. ಮಕ್ಕಳು ಮುಟ್ಟಲೇಕೂಡದು.

ಸುರಪುರದಲ್ಲಿ ಒಂದು ಪ್ರಶ್ನೆ

ಸುರಪುರ ಬೆಟ್ಟಗಳ ಮಡಿಲಿನ ಊರು. ನಾಯಕ ಅರಸರ ರಾಜಧಾನಿ. 1858ರಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದ ರಾಜಾ ವೆಂಕಟಪ್ಪ ನಾಯಕನ ಊರು ಇದು. ಬಾಲಕನಾಗಿದ್ದ ಆ ರಾಜನ ಮೇಲ್ವಿಚಾರಣೆಗೆಂದು 1841ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಇನ್ನೂ ಗುಡ್ಡದ ಮೇಲಿದೆ. ಈ ಸೀಮೆಯ ಶಿಲಾಗೋರಿಗಳ ಬಗ್ಗೆ ಮೊದಮೊದಲು ಬರೆದವರಲ್ಲಿ ಟೇಲರ್ ಒಬ್ಬ.

ಮಂಜಿಲ್ ನೋಡಿ ಇಳಿದು ಬರುವಾಗ ಊರಂಚಿನ ಒಂದು ಭಂಗಾರದ ಅಂಗಡಿಯ ಮುಂದೆ ಮೊಮ್ಮಗಳು ನಿಂತಳು. ಒಳಗೆ ಹೆಣ್ಣುಮಗಳೊಬ್ಬಳು ಇನ್ವರ್ಟರಿನ ಹಳೆ ಬ್ಯಾಟರಿಯನ್ನು ಓರೆ ಮಾಡಿ ಅದರೊಳಗಿನ ಆಸಿಡ್ಡನ್ನು ಚರಂಡಿಗೆ ಬಗ್ಗಿಸುತ್ತಿದ್ದಳು. ಪಕ್ಕದಲ್ಲಿ ನಾಲ್ಕೈದು ವರ್ಷದ ಹುಡುಗ ಬ್ಯಾಟರಿಯಿಂದ ಬಿದ್ದ ಬೂದುಬಣ್ಣದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಮನೆ ಕಟ್ಟುತ್ತಿದ್ದ. ಒಮ್ಮೆ ಕೈ ಬಾಯಿಗೂ ಹೋಯಿತು.

ಆ ಬೂದು ತುಂಡು ಸೀಸ. ಟ್ರ್ಯಾಕ್ಟರ್, ಆಟೊ, ಇನ್ವರ್ಟರ್ ಬ್ಯಾಟರಿಗಳ ತೂಕದ ಅರ್ಧಕ್ಕಿಂತ ಹೆಚ್ಚು ಸೀಸವೇ. ಮಕ್ಕಳ ಮೈಯಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ ಸೀಸವನ್ನು ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ರಕ್ತದಿಂದ ಮಿದುಳಿಗೆ, ಎಲುಬಿಗೆ ಹೋಗಿ ಕೂರುತ್ತದೆ. ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ಒಂದು ಕಡೆ ಮನಸ್ಸಿಡಲಾರದು. ಹೊರಗೆ ಗಾಯ ಇಲ್ಲದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಲೋಕದ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರ ರಕ್ತದಲ್ಲಿ ಚಿಂತೆ ಪಡುವಷ್ಟು ಸೀಸ ಇದೆ ಎಂದು 2020ರಲ್ಲಿ ಯುನಿಸೆಫ್ ವರದಿ ಹೇಳಿತು. ಅಂಗಳದಲ್ಲಿ, ಶೆಡ್ಡಿನಲ್ಲಿ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವುದು ಅದರ ದೊಡ್ಡ ಕಾರಣಗಳಲ್ಲಿ ಒಂದು.

ಇದನ್ನು ಅಂಗಡಿಯಲ್ಲಿ ನಿಂತು ಭಾಷಣ ಮಾಡಲು ಬಾಯಿ ಬರಲಿಲ್ಲ. ಮೊದಲು ನೀರು ಕೇಳಿದೆ, ಕೊಟ್ಟಳು. "ತಾಯಿ, ಹುಡುಗನ್ನ ಆ ಕಡಿ ಕೂಡಸವ್ವ, ಅದು ಸೀಸ, ಒಳ್ಳೇದಲ್ಲ" ಎಂದೆ. ಆಕೆ ಕೈಯೊರೆಸಿಕೊಂಡು ಹುಡುಗನನ್ನು ಎತ್ತಿಕೊಂಡಳು. "ಯಾವಾಗ್ಲೂ ಹೊಟ್ಟಿ ನೋವು ಅಂತಾನ್ರಿ ಮುತ್ಯಾ" ಎಂದಳು. ಹೊಟ್ಟೆನೋವಿಗೆ ನೂರು ಕಾರಣ ಇರಬಹುದು. ಡಾಕ್ಟರ ಹತ್ತಿರ ಹೋದಾಗ ಮನೆಯಲ್ಲಿ ಬ್ಯಾಟರಿ ಕೆಲಸ ಇದೆ ಎಂಬ ಮಾತನ್ನು ಹೇಳು, ರಕ್ತದಲ್ಲಿ ಸೀಸ ಎಷ್ಟಿದೆ ಎಂದು ತಪಾಸಣೆ ಮಾಡಬೇಕೇ ಕೇಳು ಎಂದೆ. ಅಷ್ಟರಲ್ಲಿ ಗಂಡ ಬಂದ. ಮಾತೆಲ್ಲ ಕೇಳಿ ಆತ ಕೇಳಿದ ಪ್ರಶ್ನೆ ಇದು: "ಸರ, ಹೊಸಾದು ತಗೊಳ್ಳಾಕ ಊರ ತುಂಬ ಅಂಗಡಿ ಅದಾವ. ಹಳೇದು ಕೊಡಾಕ ಎಲ್ಲಿ ಅದ ಹೇಳ್ರಿ?"

ಇಡೀ ದಿನ ನಾನು ಹೇಳಿದ್ದಕ್ಕಿಂತ ಈ ಒಂದು ಮಾತು ತೂಕದ್ದು. ಆತ ಕಳ್ಳನಲ್ಲ, ಊರಿನ ಶತ್ರುವೂ ಅಲ್ಲ. ಆತ ಇಲ್ಲದಿದ್ದರೆ ನಮ್ಮ ಕಬ್ಬಿಣ, ತಾಮ್ರ, ರಟ್ಟು, ಬಾಟಲಿ ಎಲ್ಲವೂ ಗುಂಡಿಗೆ ಹೋಗುತ್ತಿದ್ದವು. ಆಸಿಡ್ ತುಂಬಿದ ಬ್ಯಾಟರಿಯನ್ನು ಟೆಂಪೊದವರು ಒಯ್ಯುವುದಿಲ್ಲ, ಅದಕ್ಕೇ ಬಗ್ಗಿಸುತ್ತೇವೆ ಎಂದ.

ಸೀಸದ ಬ್ಯಾಟರಿಗಾದರೆ ಉತ್ತರ ಹತ್ತಿರದಲ್ಲೇ ಇದೆ. ಹೊಸ ಬ್ಯಾಟರಿ ಮಾರುವವರು ಹಳೆಯದನ್ನು ಮರಳಿ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂತು. 2022ರ ನಿಯಮ ಟಾರ್ಚಿನ ಸೆಲ್ಲಿನಿಂದ ವಿದ್ಯುತ್ ವಾಹನದ ಬ್ಯಾಟರಿಯವರೆಗೆ ಎಲ್ಲವನ್ನೂ ತಯಾರಿಸಿದ ಕಂಪನಿಯ ಹೊಣೆಗೆ ಸೇರಿಸಿತು. ಆತನನ್ನು ಕರೆದುಕೊಂಡು ಬಜಾರಿನ ಒಂದು ಬ್ಯಾಟರಿ ಅಂಗಡಿಗೆ ಹೋದೆವು. ಒಡೆಯದೆ, ಆಸಿಡ್ ಚೆಲ್ಲದೆ ನೆಟ್ಟಗೆ ತಂದರೆ ತೂಕದ ಮೇಲೆ ತಗೊಳ್ಳುತ್ತೇನೆ, ಕಂಪನಿಯ ಲಾರಿ ಬಂದಾಗ ಕಳಿಸುತ್ತೇನೆ ಎಂದರು ಅಂಗಡಿಯವರು. ನಾನು ಬಿ.ಕಾಂ. ಓದಿದವನು, ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಒಡೆದು ಮಾರುವುದಕ್ಕೂ ಇಡಿಯಾಗಿ ಮಾರುವುದಕ್ಕೂ ಇದ್ದ ಅಂತರ ಒಂದು ಹೊತ್ತಿನ ಚಹಾ–ಭಜಿಗೆ ಸಮ. ಒಡೆಯಲು ಹೋಗುವ ಅರ್ಧ ದಿನದ ಕೂಲಿ ಆ ಲೆಕ್ಕದಲ್ಲಿ ಇರಲೇ ಇಲ್ಲ. ಆ ದಿನ ಎರಡು ಬ್ಯಾಟರಿ ಇಡಿಯಾಗಿ ಹೋದವು.

ಹಟ್ಟಿಯ ಚಿನ್ನ, ಮೊಬೈಲಿನ ಚಿನ್ನ

ಸುರಪುರದಿಂದ ಕೃಷ್ಣೆ ದಾಟಿ ರಾಯಚೂರು ಜಿಲ್ಲೆಗೆ ಕಾಲಿಟ್ಟರೆ ಲಿಂಗಸುಗೂರಿನ ಹತ್ತಿರ ಹಟ್ಟಿ. ದೇಶದ ಹೆಸರಾಂತ ಚಿನ್ನದ ಗಣಿ. ಅಲ್ಲಿ ಒಂದು ಟನ್ ಅದಿರನ್ನು ನೆಲದ ಆಳದಿಂದ ತೆಗೆದು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆ ಮೊಬೈಲುಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚಿನ್ನ ಇರುತ್ತದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಅದಕ್ಕೇ ಮೊಬೈಲಿನೊಳಗಿನ ಸೂಕ್ಷ್ಮ ಜೋಡಣೆಗಳಿಗೆ ಅದನ್ನು ಲೇಪಿಸುತ್ತಾರೆ.

ಜಪಾನಿನವರು ಇದನ್ನು ಮಾಡಿ ತೋರಿಸಿದರು. 2017ರ ಏಪ್ರಿಲಿನಿಂದ 2019ರ ಮಾರ್ಚಿನವರೆಗೆ ಜನ ತಂದುಕೊಟ್ಟ ಸುಮಾರು 79 ಸಾವಿರ ಟನ್ ಹಳೆ ಎಲೆಕ್ಟ್ರಾನಿಕ್ ಸಾಮಾನು ಮತ್ತು 62 ಲಕ್ಷ ಮೊಬೈಲುಗಳಿಂದ 32 ಕಿಲೊ ಚಿನ್ನ, 3,500 ಕಿಲೊ ಬೆಳ್ಳಿ, 2,200 ಕಿಲೊ ಕಂಚು ತೆಗೆದರು. ಟೋಕಿಯೊ ಒಲಿಂಪಿಕ್ಸಿನ ಸುಮಾರು 5,000 ಪದಕಗಳು ಅದರಿಂದಲೇ ಆದವು. ನಮ್ಮ ನೀರಜ್ ಚೋಪ್ರಾ ಅಲ್ಲಿ ಕೊರಳಿಗೆ ಹಾಕಿಕೊಂಡ ಚಿನ್ನದ ಪದಕ ಯಾರದೋ ಅಟ್ಟದಲ್ಲಿ ಬಿದ್ದಿದ್ದ ಮೊಬೈಲಿನಿಂದ ಬಂದದ್ದು ಎಂದಾಗ ಮೊಮ್ಮಗ ಗಾಡಿಯ ಹಿಂದಿದ್ದ ಪೆಟ್ಟಿಗೆಯನ್ನು ತಿರುಗಿ ನೋಡಿದ.

ಹಾಗಾದರೆ ಭಂಗಾರದವನೇ ಚಿನ್ನ ತೆಗೆಯಬಾರದೇ? ತೆಗೆಯಲು ಹೋಗುವವರು ತೀಕ್ಷ್ಣ ಆಸಿಡ್ಡಿನಲ್ಲಿ ಅದ್ದುತ್ತಾರೆ, ತಾಮ್ರಕ್ಕಾಗಿ ತಂತಿ ಸುಡುತ್ತಾರೆ. ತಂತಿಯ ಮೇಲಿನ ಪಿವಿಸಿ ಉರಿದ ಕಪ್ಪು ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಸರಿಯಾದ ಕಾರ್ಖಾನೆಯಲ್ಲಿ ಹೊಗೆಯನ್ನೂ ನೀರನ್ನೂ ಶುದ್ಧ ಮಾಡಿ ಬಿಡುತ್ತಾರೆ. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆಯ ಇ-ಪರಿಸರ ಸಂಸ್ಥೆ 2005ರಿಂದ ಈ ಕೆಲಸದಲ್ಲಿದೆ. ದೇಶದಲ್ಲಿ ಇ-ತ್ಯಾಜ್ಯಕ್ಕೆಂದೇ ಮೊದಲ ನಿಯಮ ಜಾರಿಯಾದದ್ದು 2012ರ ಮೇ 1ರಂದು, ಈಗಿನ ನಿಯಮ 2023ರ ಏಪ್ರಿಲ್ 1ರಿಂದ. ಆದರೂ ಲೆಕ್ಕ ಕೇಳಿ: 2022ರಲ್ಲಿ ಲೋಕವೆಲ್ಲ ಎಸೆದ ಇ-ತ್ಯಾಜ್ಯ 620 ಲಕ್ಷ ಟನ್. ಅದರಲ್ಲಿ ಸರಿಯಾದ ದಾರಿಯಲ್ಲಿ ಮರುಬಳಕೆಗೆ ಹೋದದ್ದು ಶೇ. 22.3. ನಮ್ಮ ಬ್ಯಾಂಕಿನಲ್ಲಿ ನೂರು ರೂಪಾಯಿ ಕೊಟ್ಟು ಇಪ್ಪತ್ತೆರಡಕ್ಕೆ ಮಾತ್ರ ರಸೀದಿ ಇದ್ದಿದ್ದರೆ ಆ ಸಂಜೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಸಣ್ಣ ಊರಿನವರು ಏನು ಮಾಡಬೇಕು? ನಮ್ಮ ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಒಂದು ರಟ್ಟಿನ ಪೆಟ್ಟಿಗೆ ಮೊಬೈಲು, ತಂತಿ, ಚಾರ್ಜರಿಗೆ. ಒಂದು ಪ್ಲಾಸ್ಟಿಕ್ ಡಬ್ಬಿ ಸೆಲ್ಲುಗಳಿಗೆ, ಅವುಗಳ ಎರಡೂ ತುದಿಗೆ ಅಂಟುಪಟ್ಟಿ ಹಚ್ಚಿ. ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬಿನೊಳಗೆ ಪಾದರಸ ಇರುವುದರಿಂದ ಅವು ಒಡೆಯದಂತೆ ಕಾಗದ ಸುತ್ತಿ ಬೇರೆ. ಮೊಬೈಲ್ ಕೊಡುವ ಮೊದಲು ಸಿಮ್, ಮೆಮೊರಿ ಕಾರ್ಡ್ ತೆಗೆದು, ಒಳಗಿನದನ್ನೆಲ್ಲ ಅಳಿಸಿ, ಬ್ಯಾಂಕಿನ ಆ್ಯಪ್ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇದು ಹಳೆ ಬ್ಯಾಂಕಿನವನ ಮಾತು, ಮರೆಯಬೇಡಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಕಸದ ಗಾಡಿಗೆ ಹಾಕಬಾರದು, ಬೆಂಕಿ ಹತ್ತುತ್ತದೆ. ಗುಂಡಿಯಂಥ ಚಿಕ್ಕ ಸೆಲ್ಲು ಎಳೆ ಮಕ್ಕಳ ಕೈಗೆ ಸಿಗಲೇಬಾರದು. ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡಬಹುದು, ಅಂಥ ಹೊತ್ತಿನಲ್ಲಿ ನೇರ ಆಸ್ಪತ್ರೆಗೆ ಓಡಬೇಕು.

ಪೆಟ್ಟಿಗೆ ತುಂಬಿದ ಮೇಲೆ? ನೋಂದಣಿಯಾದ ಮರುಬಳಕೆದಾರರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ದೊಡ್ಡ ಊರಿಗೆ ಹೋಗುವ ನೆಂಟರ ಕೈಯಲ್ಲಿ ಕಳಿಸಬಹುದು. ನಮ್ಮ ಪೆಟ್ಟಿಗೆಯನ್ನು ಸೊಸೆ ಬೆಂಗಳೂರಿಗೆ ಒಯ್ಯಲು ಒಪ್ಪಿದ್ದಾಳೆ. ಆದರೆ ಪ್ರತಿ ಮನೆಗೂ ಬೆಂಗಳೂರಿನ ಸೊಸೆ ಇರುವುದಿಲ್ಲ. ಮೂರೂ ಊರುಗಳಲ್ಲಿ ನಗರಸಭೆ ಇದೆ, ಹಳ್ಳಿಗಳಲ್ಲಿ ಹೆಣ್ಣುಮಕ್ಕಳೇ ಓಡಿಸುವ ಸ್ವಚ್ಛ ವಾಹಿನಿ ಗಾಡಿಗಳಿವೆ. ತಿಂಗಳಿಗೊಂದು ದಿನ ಹಳೆ ಸೆಲ್ಲು, ಮೊಬೈಲು, ಬಲ್ಬು ಸಂಗ್ರಹಿಸಿ ಸರಿಯಾದ ಕಡೆ ಕಳಿಸಿ ಎಂದು ಬರೆದು ಕೇಳಬೇಕು. ಶಾಲೆಯ ಮಕ್ಕಳು ಸಹಿ ಮಾಡಿ ಕೊಟ್ಟ ಅರ್ಜಿಯನ್ನು ಮೂಲೆಗೆ ತಳ್ಳುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಬೋನಾಳದ ಹಕ್ಕಿ, ಬೂದಿಹಾಳದ ಬೂದಿ

ಸುರಪುರದ ಹತ್ತಿರ ಬೋನಾಳ ಕೆರೆ. ನಾಯಕ ಅರಸರ ಕಾಲದ್ದು, ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಸಂಜೆ ನೀರಿನ ಮೇಲೆ ಅವು ಇಳಿಯುವಾಗ ಹುಡುಗರು ಮಾತೇ ಆಡಲಿಲ್ಲ. ಕೆರೆ ಎಂದರೆ ಸುತ್ತಲಿನ ನೆಲ ತೊಳೆದ ನೀರು ಬಂದು ನಿಲ್ಲುವ ಜಾಗ. ಊರಿನ ಚರಂಡಿಗೆ, ಹೊಲದ ಬದುವಿಗೆ ಬಿದ್ದದ್ದು ಇಂಥ ಒಂದಲ್ಲ ಒಂದು ನೀರಿಗೆ ಬಂದೇ ಬರುತ್ತದೆ.

ಸುರಪುರ ಸೀಮೆಯಲ್ಲಿ ಬೂದಿಹಾಳ ಎಂಬ ಊರಿದೆ. ಹೆಸರಿನಲ್ಲೇ ಬೂದಿ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಒಂದೆಡೆ ರಾಶಿ ಹಾಕಿ ಆಗಾಗ ಸುಡುತ್ತಿದ್ದರು. ಅದೇ ಬೂದಿದಿಬ್ಬವಾಗಿ ಉಳಿದಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಅಲ್ಲಿ ಅಗೆದು, ಆ ಜನ ದನ ಕಟ್ಟಿದ ಜಾಗ, ಮಾಂಸ ಕತ್ತರಿಸಿದ ನೆಲ, ಕಲ್ಲಿನ ಅಲಗು ಮಾಡಿದ ಜಾಗ ಎಲ್ಲವನ್ನೂ ಗುರುತಿಸಿದರು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಅವರೇ ಶೋಧಿಸಿದ್ದು ಇನ್ನೂ ಹಳೆಯದು. ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಕಾರ್ಖಾನೆ ಅದು. ಅಲ್ಲಿ ಸಿಕ್ಕವುಗಳಲ್ಲಿ ಕೊಡಲಿಗಿಂತ ಹೆಚ್ಚು ಇದ್ದದ್ದು ಕೊಡಲಿ ಮಾಡುವಾಗ ಹಾರಿದ ಕಲ್ಲಿನ ಚೂರು. ಅಂದರೆ ಅವರ ಭಂಗಾರ.

ಹುಣಸಗಿಯ ದಾರಿಯಲ್ಲಿ ಗಾಡಿ ನಿಲ್ಲಿಸಿ ಹೊಲದ ಬದುವಿನಲ್ಲಿ ಚೂರಾದ ಒಂದು ಕಲ್ಲನ್ನು ಹುಡುಗರ ಕೈಗೆ ಕೊಟ್ಟೆ. ಇದು ಯಾರು ಒಡೆದದ್ದೋ, ಮಳೆಗೆ ಒಡೆದದ್ದೋ ಹೇಳಲಾರೆ. ಹನ್ನೆರಡು ಲಕ್ಷ ವರ್ಷ ಬಿದ್ದಿದ್ದರೂ ಇಂಥ ಚೂರಿನ ಪಕ್ಕ ಜೋಳ ಬೆಳೆಯುತ್ತದೆ, ಕುರಿ ಮೇಯುತ್ತದೆ, ಮಗು ಅದನ್ನು ಹಿಡಿದು ಆಡಬಹುದು ಎಂದೆ. ಮೊಮ್ಮಗಳು ಅದನ್ನು ತಿರುಗಿಸಿ ನೋಡಿ, "ಆ ಅಂಗಡಿಯ ಹುಡುಗ ಮನೆ ಕಟ್ತಿದ್ದನಲ್ಲ ತಾತಾ, ಅವನಿಗೆ ಇಂಥವು ಸಾಕಾಗಿತ್ತು" ಎಂದಳು. ಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟು ಗಾಡಿ ಹತ್ತಿದೆವು.